ಒಂದೂವರೆ ಎಕರೆಗೆ ಮೂವತ್ತು ವರ್ಷ: ತುಮಕೂರಿನ ಬಡಾವಣೆ ಉದ್ಯಾನದ ಪ್ರಕರಣ ಅಧ್ಯಯನ

ಬಡಾವಣೆಯ ಮೂಲ ನಕ್ಷೆಯಲ್ಲಿ ಉದ್ಯಾನದ ವಿಸ್ತೀರ್ಣ 1 ಎಕರೆ 20 ಗುಂಟೆ. ಇವತ್ತು ಟೇಪು ಹಿಡಿದು ಅಳೆದರೆ ಸಿಗುವುದು 1 ಎಕರೆ 8 ಗುಂಟೆ. ಈ 12 ಗುಂಟೆಯನ್ನು ಯಾರೂ ರಾತ್ರೋರಾತ್ರಿ ಕಬಳಿಸಿಲ್ಲ. ಎಲ್ಲವೂ ಹಗಲಿನಲ್ಲೇ, ಎಲ್ಲರ ಒಪ್ಪಿಗೆಯಿಂದಲೇ ಹೋಗಿದೆ.

ಇಲ್ಲಿ ವಿವರಿಸುವುದು ಹೆಸರಿರುವ ಒಂದು ಉದ್ಯಾನವನ್ನಲ್ಲ. ತುಮಕೂರಿನ ಮೂವತ್ತು ವರ್ಷ ಹಳೆಯ ಬಡಾವಣೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸ್ಥಿತಿಯನ್ನು ಒಂದೇ ಜಾಗಕ್ಕೆ ತಂದು, ಅಳತೆ ಹಿಡಿದು ಲೆಕ್ಕ ಹಾಕಿದ ಮಾದರಿ ಪ್ರಕರಣ ಇದು, ಜೊತೆಗೆ ಆ ಜಾಗಕ್ಕೆ ಮುಂದಿನ ಮೂವತ್ತು ವರ್ಷದ ಯೋಜನೆ. ಬೇರೆ ಉದ್ಯಾನಕ್ಕೆ ಅಂಕಿಗಳನ್ನು ಬದಲಿಸಿಕೊಂಡರೆ ಸಾಕು, ಲೆಕ್ಕದ ದಾರಿ ಅದೇ. ಈ ಲೆಕ್ಕಕ್ಕೆ ಇದು ಸರಿಯಾದ ಹೊತ್ತು ಕೂಡ. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ಆ ಅಭಿಯಾನ 2025ರ ಮಾರ್ಚ್ 31ಕ್ಕೆ ಮುಗಿಯಿತು. ಕಟ್ಟುವ ಹಣದ ಕಾಲ ಮುಗಿದು, ಕಟ್ಟಿದ್ದನ್ನು ಉಳಿಸಿಕೊಳ್ಳುವ ಕಾಲ ಬಂದಿದೆ.

ಹನ್ನೆರಡು ಗುಂಟೆ ಹೋದದ್ದೆಲ್ಲಿ

ಮೊದಲು ಓವರ್‌ಹೆಡ್ ಟ್ಯಾಂಕ್ ಬಂತು. ಪಂಪ್‌ಹೌಸು, ಕಾಂಪೌಂಡು ಸೇರಿ 4 ಗುಂಟೆ. ಆಮೇಲೆ ಸಮುದಾಯ ಭವನ, ಅದರ ಮುಂದೆ ಗಾಡಿ ನಿಲ್ಲಿಸುವ ಅಂಗಳ ಸೇರಿ ಇನ್ನು 4. ಮೂಲೆಯಲ್ಲಿದ್ದ ಚಿಕ್ಕ ಗುಡಿಗೆ ಮುಖಮಂಟಪ ಬಂದು 2 ಗುಂಟೆಯಾಯಿತು. ಶುದ್ಧ ಕುಡಿಯುವ ನೀರಿನ ಘಟಕ ಮತ್ತು ಹಾಲಿನ ಬೂತಿಗೆ 1. ಉಳಿದ 1 ಗುಂಟೆ ಪಕ್ಕದ ಮನೆಗಳ ಹಿತ್ತಿಲೊಳಗೆ, ಅಡಿ ಅಡಿಯಾಗಿ ಸೇರಿಹೋಗಿದೆ.

ಕೊನೆಯದನ್ನು ಬಿಟ್ಟರೆ ಇವುಗಳಲ್ಲಿ ಬೇಡವೆನ್ನುವಂಥದ್ದು ಒಂದೂ ಇಲ್ಲ. ಕಷ್ಟ ಇರುವುದೇ ಅಲ್ಲಿ. ನೀರಿನ ಘಟಕ ಬೇಕೋ, ನಾಲ್ಕು ಗಿಡ ಬೇಕೋ ಎಂದು ಕೇಳಿದರೆ ಗಿಡ ಎಂದೂ ಗೆಲ್ಲುವುದಿಲ್ಲ. ಹಾಗಾಗಿ ಪ್ರತಿಯೊಂದು ಬೇಡಿಕೆಯನ್ನು ಬಿಡಿಬಿಡಿಯಾಗಿ ಎದುರಿಸದೆ, ಮೊದಲೇ ಒಂದು ಮಿತಿ ಬರೆದಿಡಬೇಕು. ಈ ಯೋಜನೆಯ ಮಿತಿ ಇದು: ಇನ್ನು ಮುಂದೆ ಚಾವಣಿ ಇರುವ ಯಾವ ಹೊಸ ಕಟ್ಟಡವೂ ಇಲ್ಲ. ಇರುವ ಕಟ್ಟಡದ ಆಯುಷ್ಯ ಮುಗಿದಾಗ ಅದೇ ಜಾಗದಲ್ಲಿ ಮತ್ತೆ ಕಟ್ಟದೆ, ನೆಲ ಉದ್ಯಾನಕ್ಕೆ ಮರಳಬೇಕು. ಇದು ಪಾಲಿಕೆಯ ಠರಾವಿನಲ್ಲಿ ದಾಖಲಾಗಬೇಕು, ಬಾಯಿಮಾತು ಐದು ವರ್ಷವೂ ಬಾಳುವುದಿಲ್ಲ.

ಕಾನೂನಿನ ಬೆಂಬಲ ಇದಕ್ಕೆ ಇದೆ. 1985ರ ಕರ್ನಾಟಕ ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ, ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಇಂಥ ಜಾಗಗಳ ಪಟ್ಟಿ ಮಾಡಬೇಕೆಂದು ಹೇಳುತ್ತದೆ. 1991ರ ಬ್ಯಾಂಗಳೂರ್ ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ, ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆಸ್ಪತ್ರೆಯೂ ಒಳ್ಳೆಯದೇ, ಆದರೆ ಅದಕ್ಕೆ ಉದ್ಯಾನದ ಜಾಗ ಕೊಡುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಸಮುದಾಯ ಭವನದ ಚರ್ಚೆ ಬಂದಾಗ ಈ ತೀರ್ಪನ್ನು ಸಭೆಯ ಮುಂದಿಡಬೇಕು.

ಆದರೆ ಕಾಯ್ದೆ ಕೈಗೆ ಬರಬೇಕಾದರೆ ಮೊದಲು ಜಾಗದ ಕಾಗದ ಸರಿ ಇರಬೇಕು. ಫೈಲಿನಲ್ಲಿ ಇರಬೇಕಾದವು: ಅನುಮೋದಿತ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿ, ಉದ್ಯಾನದ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ನೋಂದಾಯಿತ ಪತ್ರ, ಪಾಲಿಕೆಯ ಹೆಸರಿನ ಖಾತೆ, ಚೆಕ್ಕುಬಂದಿ ಸಹಿತ ಸರ್ವೆ ನಕ್ಷೆ. ಹಳೆಯ ಖಾಸಗಿ ಬಡಾವಣೆಗಳಲ್ಲಿ ಎರಡನೆಯ ಕಾಗದ ಇಲ್ಲದಿರುವುದೇ ಹೆಚ್ಚು. ನಕ್ಷೆಯಲ್ಲಿ ಹಸಿರು ಬಣ್ಣ ಇರುತ್ತದೆ, ಪಹಣಿಯಲ್ಲಿ ಮಾತ್ರ ಹಳೆಯ ಮಾಲೀಕರ ಹೆಸರೇ ಉಳಿದಿರುತ್ತದೆ. ಮೂವತ್ತು ವರ್ಷವಾದ ಮೇಲೆ ಅವರ ಮಕ್ಕಳು ಅದನ್ನು ಮಾರಲು ಬಂದರೆ ಕೋರ್ಟಿನಲ್ಲಿ ಹತ್ತು ವರ್ಷ ಕಳೆಯುತ್ತದೆ. ಸರ್ವೆ ಮುಗಿದ ದಿನವೇ ಮೂಲೆಗಳಲ್ಲಿ ಗಡಿಕಲ್ಲು ನೆಟ್ಟು, ಪ್ರತಿ ಕಲ್ಲಿನ ಅಕ್ಷಾಂಶ ರೇಖಾಂಶವನ್ನು ಫೋಟೋ ಸಮೇತ ಫೈಲಿಗೆ ಸೇರಿಸಬೇಕು. ಬೇಲಿಯನ್ನು ಕಲ್ಲಿನ ಗೆರೆಯ ಮೇಲೇ ಹಾಕಿ. ಅರ್ಧ ಅಡಿ ಒಳಗೆ ಹಾಕಿದರೆ ಆ ಅರ್ಧ ಅಡಿ ನೆರೆಯವರದ್ದಾಗುತ್ತದೆ.

ಹಿತ್ತಿಲಿಗೆ ಸೇರಿದ 1 ಗುಂಟೆ ಸರ್ವೆ ಮತ್ತು ನೋಟಿಸಿನಿಂದ ಹಿಂದಕ್ಕೆ ಬರಬಹುದು. ಆದರೆ ಅದು ಬಂದೇ ಬರುತ್ತದೆಂದು ಮುಂದಿನ ಲೆಕ್ಕದಲ್ಲಿ ಹಿಡಿದಿಲ್ಲ. ಕೈಯಲ್ಲಿರುವುದು 48 ಗುಂಟೆ, ಅಂದರೆ ಸುಮಾರು 4,856 ಚದರ ಮೀಟರ್.

ಹುಲ್ಲಿನ ಬಾಯಾರಿಕೆ

ಈಗ 48ರಲ್ಲಿ 24 ಗುಂಟೆ ಹುಲ್ಲುಹಾಸು, 8 ಗುಂಟೆ ಇಂಟರ್‌ಲಾಕ್ ಟೈಲ್ಸಿನ ದಾರಿ, ಮಿಕ್ಕದ್ದು ಮರ ಮತ್ತು ಅಂಚಿನ ಗಿಡ. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಲು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. 24 ಗುಂಟೆ ಅಂದರೆ 2,428 ಚದರ ಮೀಟರ್. ದಿನಕ್ಕೆ 12,140 ಲೀಟರ್. ಫೆಬ್ರವರಿಯಿಂದ ಮೇ ವರೆಗಿನ 120 ದಿನಕ್ಕೆ ಹದಿನಾಲ್ಕೂವರೆ ಲಕ್ಷ ಲೀಟರ್ ದಾಟುತ್ತದೆ.

ಉದ್ಯಾನದ ಬೋರ್‌ವೆಲ್ ಫೆಬ್ರವರಿಯಲ್ಲಿ ಗಂಟೆಗೆ 2,000 ಲೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಆರು ಗಂಟೆ ಮೋಟಾರು ಓಡಿದರೆ ಹುಲ್ಲು ಬದುಕುತ್ತದೆ. ಏಪ್ರಿಲ್‌ಗೆ ಅದೇ ಬೋರ್‌ವೆಲ್ 800 ಲೀಟರಿಗೆ ಇಳಿದರೆ ಹದಿನೈದು ಗಂಟೆ ಓಡಬೇಕು. ಕರೆಂಟು ಅಷ್ಟು ಹೊತ್ತು ಸಿಕ್ಕರೂ ಬೋರ್‌ವೆಲ್ ತಡೆಯುವುದಿಲ್ಲ. ನೀರಿಲ್ಲದೆ ಓಡಿದ ಮೋಟಾರು ಸುಡುತ್ತದೆ, ರಿಪೇರಿಗೆ ಫೈಲು ಏಳಬೇಕು, ಅದು ಮುಗಿಯುವಷ್ಟರಲ್ಲಿ ಮೂರು ವಾರ. ಹುಲ್ಲು ಸಾಯಲು ಅಷ್ಟು ದಿನ ಬೇಕಿಲ್ಲ. ಮಳೆಗಾಲದಲ್ಲಿ ಮತ್ತೆ ಹುಲ್ಲು ಹಾಸುವ ಕೆಲಸಕ್ಕೆ ಅಂದಾಜುಪಟ್ಟಿ ಸಿದ್ಧವಾಗುತ್ತದೆ. ಉದ್ಯಾನದ ಹಣ ಸೋರುವುದು ಹೆಚ್ಚಾಗಿ ಈ ಸುತ್ತಿನಲ್ಲೇ.

ಇನ್ನೊಂದು ಲೆಕ್ಕ ಯಾರ ಗಮನಕ್ಕೂ ಬರುವುದಿಲ್ಲ. ಮುಕ್ಕಾಲು ಇಂಚಿನ ಪೈಪಿನಲ್ಲಿ ಗಂಟೆಗೆ ಸುಮಾರು 1,500 ಲೀಟರ್ ಹರಿಯುತ್ತದೆ ಎಂದರೆ 12,140 ಲೀಟರ್ ಹಾಯಿಸಲು ಎಂಟು ಗಂಟೆ ಬೇಕು. ಒಬ್ಬ ಮಾಲಿಯ ಇಡೀ ದಿನ ಪೈಪು ಹಿಡಿಯುವುದರಲ್ಲೇ ಮುಗಿಯುತ್ತದೆ. ಪಾತಿ ಕೆದಕಲು, ಒಣಕೊಂಬೆ ತೆಗೆಯಲು, ತರಗೆಲೆ ಗೊಬ್ಬರ ಮಾಡಲು ಅವರಿಗೆ ಕೈಯೇ ಉಳಿಯುವುದಿಲ್ಲ. ಮಾಲಿ ಕೆಲಸ ಮಾಡುವುದಿಲ್ಲ ಎಂದು ದೂರುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಹಾಗಾಗಿ ಹುಲ್ಲುಹಾಸನ್ನು 24ರಿಂದ 6 ಗುಂಟೆಗೆ ಇಳಿಸಬೇಕು. ಮಕ್ಕಳು ಉರುಳಾಡುವ, ಹಿರಿಯರು ಕೂರುವ ಒಂದೇ ತುಂಡು ಜಾಗ. ಅಲ್ಲಲ್ಲಿ ಚೂರುಚೂರು ಉಳಿಸಿದರೆ ಅಂಚಿನ ಕೆಲಸವೇ ಹೆಚ್ಚಾಗುತ್ತದೆ. 6 ಗುಂಟೆಗೆ ದಿನಕ್ಕೆ 3,035 ಲೀಟರ್. ಹೂಗಿಡ, ಪೊದೆಗಿಡಗಳ 4 ಗುಂಟೆಗೆ ಹನಿ ನೀರಾವರಿಯಲ್ಲಿ ಚದರ ಮೀಟರಿಗೆ 2 ಲೀಟರಿನಂತೆ 810 ಲೀಟರ್. ಮೊದಲ ವರ್ಷದ 24 ಎಳೆ ಮರಗಳಿಗೆ ವಾರಕ್ಕೆ ತಲಾ 40 ಲೀಟರ್, ಅಂದರೆ ದಿನಕ್ಕೆ 140ರ ಹತ್ತಿರ. ಎಲ್ಲ ಕೂಡಿಸಿದರೆ ದಿನಕ್ಕೆ 4,000 ಲೀಟರ್, ಈಗಿನ ಖರ್ಚಿನ ಮೂರನೇ ಒಂದು ಭಾಗ. ಏಪ್ರಿಲ್‌ನ 800 ಲೀಟರಿನ ಬೋರ್‌ವೆಲ್ ಕೂಡ ಐದು ಗಂಟೆಯಲ್ಲಿ ಇದನ್ನು ಕೊಡುತ್ತದೆ. ಬರದ ವರ್ಷ ಬಂದರೆ ಮೊದಲು ಹುಲ್ಲಿನ ನೀರು ನಿಲ್ಲಿಸಿ, ಮರದ ನೀರು ನಿಲ್ಲಿಸಬೇಡಿ. ಹುಲ್ಲು ಎರಡು ತಿಂಗಳಲ್ಲಿ ಮತ್ತೆ ಬರುತ್ತದೆ, ಮೂರು ವರ್ಷದ ನೇರಳೆ ಬರುವುದಿಲ್ಲ.

ತೆಗೆದ 18 ಗುಂಟೆ ಹುಲ್ಲಿನ ಜಾಗ ಬೋಳಾಗಿ ಉಳಿಯಬಾರದು. ಮರದ ಕೆಳಗೆ ತರಗೆಲೆಯ ಮೂರು ನಾಲ್ಕು ಇಂಚಿನ ಹೊದಿಕೆ, ಬಿಸಿಲಿನಲ್ಲಿ ತಾನಾಗಿ ಬರುವ ಗರಿಕೆ. ಗರಿಕೆ ಬೇಸಿಗೆಯಲ್ಲಿ ಕಂದುತ್ತದೆ, ಮೊದಲ ಮಳೆಗೆ ಚಿಗುರುತ್ತದೆ. ಕಂದಿದ ಗರಿಕೆ ನೋಡಿ ಜನ ದೂರು ಕೊಡುವುದು ಖಂಡಿತ, ಅದಕ್ಕೆ ಗೇಟಿನ ಬಳಿ ಒಂದು ಫಲಕದಲ್ಲಿ ಕಾರಣ ಬರೆದಿಡುವುದು ಒಳ್ಳೆಯದು.

ಮಳೆನೀರಿಗೆ ಜಾಗ

ತುಮಕೂರಿನ ಕುಡಿಯುವ ನೀರು ಹೇಮಾವತಿಯಿಂದ ನಾಲೆಯಲ್ಲಿ ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ಊರಿಗೆ ಏರುತ್ತದೆ. ಅಷ್ಟು ದೂರದಿಂದ ಬಂದು ಶುದ್ಧವಾದ ನೀರನ್ನು ಹುಲ್ಲಿಗೆ ಹಾಯಿಸುವುದು ತಪ್ಪು. ಉದ್ಯಾನ ತನ್ನ ಮೇಲೆ ಬಿದ್ದ ಮಳೆಯನ್ನಾದರೂ ಹಿಡಿದಿಟ್ಟುಕೊಳ್ಳಬೇಕು.

40 ಮಿ.ಮೀ. ಜೋರು ಮಳೆ ಬಂದರೆ 48 ಗುಂಟೆಯ ಮೇಲೆ 1,94,000 ಲೀಟರ್ ಬೀಳುತ್ತದೆ. ಇದರಲ್ಲಿ ಶೇ 35ರಷ್ಟು ಹರಿದುಹೋಗುತ್ತದೆಂದು ಹಿಡಿದರೆ 68,000 ಲೀಟರ್ ಮೋರಿ ಪಾಲು. ಇದನ್ನು ತಡೆಯಲು ಎರಡು ವ್ಯವಸ್ಥೆ ಸಾಕು. ಒಂದು, ಇಳಿಜಾರಿನ ಕೆಳಗೆ ಒಟ್ಟು 200 ಚದರ ಮೀಟರಿನ ಎರಡು ತಗ್ಗು, ಆಳ ಒಂದು ಅಡಿ. ಇವು 60,000 ಲೀಟರ್ ಹಿಡಿಯುತ್ತವೆ. ಎರಡು, ಮೂರು ಇಂಗುಬಾವಿ. ತಲಾ ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳ, ಒಂದಡಿ ಎತ್ತರದ ಇಪ್ಪತ್ತು ಸಿಮೆಂಟ್ ರಿಂಗು. ಒಂದೊಂದರಲ್ಲಿ ಸುಮಾರು 4,000 ಲೀಟರ್ ನಿಲ್ಲುತ್ತದೆ. ಒಟ್ಟು 72,000, ಲೆಕ್ಕ ಕೂಡಿತು.

ಕೆಲಸ ಕೆಡುವುದು ಹೀಗೆ. ರಿಂಗುಗಳ ನಡುವೆ ಸಿಮೆಂಟ್ ಮೆತ್ತಿಬಿಡುತ್ತಾರೆ, ಆಗ ಬಾವಿ ಇಂಗದೆ ತೊಟ್ಟಿಯಾಗುತ್ತದೆ. ರಿಂಗಿನ ಸುತ್ತ ಜಲ್ಲಿ ತುಂಬಿ, ಸಂದುಗಳನ್ನು ಹಾಗೇ ಬಿಡಬೇಕು. ಬಾವಿಗೆ ನೀರು ನೇರವಾಗಿ ಬಿಟ್ಟರೆ ಎರಡೇ ಮಳೆಗಾಲದಲ್ಲಿ ಹೂಳು ತುಂಬುತ್ತದೆ, ಮುಂದೆ ಮೂರಡಿ ಉದ್ದ, ಅಗಲ, ಆಳದ ಹೂಳುಗುಂಡಿ ಇರಲೇಬೇಕು, ಅದನ್ನು ಪ್ರತಿ ಮೇ ತಿಂಗಳಲ್ಲಿ ಬಳಿಯಬೇಕು. ಬಾಯಿಗೆ ಎತ್ತಲಾಗದ ತೂಕದ ಮುಚ್ಚಳ ಬೇಕು, ಮಕ್ಕಳು ಆಡುವ ಜಾಗ ಇದು. ಒಳಚರಂಡಿಯ ಚೇಂಬರಿನಿಂದ ಕನಿಷ್ಠ ಮೂವತ್ತು ಅಡಿ ದೂರ.

ತಗ್ಗಿನ ಜಾಗವನ್ನು ಅಗೆಯುವ ಮುಂಚೆ ಪರೀಕ್ಷೆ ಮಾಡಿ. ಒಂದಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿಗೆ ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. 1 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಆ ಜಾಗ ಬಿಟ್ಟು ಬೇರೆಡೆ ನೋಡಿ. ನಮ್ಮ ಕೆಂಪು ಮಣ್ಣು ಸಾಮಾನ್ಯವಾಗಿ ನೀರು ಕುಡಿಯುತ್ತದೆ, ಆದರೆ ಬಡಾವಣೆ ಮಾಡುವಾಗ ತುಂಬಿದ ಕಟ್ಟಡದ ಕಸ ಅಡಿಯಲ್ಲಿದ್ದರೆ ಎಲ್ಲ ತಲೆಕೆಳಗು. ತಗ್ಗಿನಲ್ಲಿ ನೀರು ಎರಡು ದಿನಕ್ಕಿಂತ ಹೆಚ್ಚು ನಿಲ್ಲಕೂಡದು. ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟಾಗಲು ಒಂದು ವಾರ ಬೇಕು, ಆ ಅವಕಾಶ ಸಿಗಬಾರದು. ಒಮ್ಮೆ ಸೊಳ್ಳೆ ದೂರು ಬಂದರೆ ತಗ್ಗಿಗೆ ಮಣ್ಣು ತುಂಬಿಸಿಬಿಡುತ್ತಾರೆ.

ಭವನದ 200 ಚದರ ಮೀಟರ್ ಚಾವಣಿಯ ನೀರನ್ನು 20,000 ಲೀಟರಿನ ಸಂಪಿಗೆ ಇಳಿಸಬಹುದು. ವರ್ಷಕ್ಕೆ 600 ಮಿ.ಮೀ. ಮಳೆ ಎಂದು ಹಿಡಿದರೆ ಒಂದು ಲಕ್ಷ ಲೀಟರ್ ಸಿಗುತ್ತದೆ. ಬೇಸಿಗೆಗೆ ಇದು ಸಾಲದು, ಆದರೆ ಆಷಾಢದ ಒಣ ದಿನಗಳಲ್ಲಿ ಎಳೆ ಗಿಡ ಉಳಿಸಲು ಧಾರಾಳ.

ಒಂದೇ ದಿನ ಹುಟ್ಟಿದ ಮರಗಳು

ಉದ್ಯಾನದಲ್ಲಿ 70 ಮರ. ಗುಲ್‌ಮೊಹರ್ 26, ಪೆಲ್ಟೋಫೋರಮ್ 18, ಮಳೆಮರ 10, ಹೊಂಗೆ 8, ಇತರೆ 8. ನೋಡಲು ನಾಲ್ಕು ಜಾತಿ. ಆದರೆ ಮೊದಲ ನಾಲ್ಕೂ ಒಂದೇ ಕುಟುಂಬ, ಅವರೆ-ಹುಣಸೆಯ ಬಳಗ. 70ರಲ್ಲಿ 62, ಅಂದರೆ ಶೇ 89. ಮರಗಳ ವೈವಿಧ್ಯಕ್ಕೆ ಅಮೆರಿಕದ ಸಸ್ಯವಿಜ್ಞಾನಿ ಸ್ಯಾಂಟಮೋರ್ 1990ರಲ್ಲಿ ಕೊಟ್ಟ ಸೂತ್ರ ಈಗಲೂ ಬಳಕೆಯಲ್ಲಿದೆ: ಒಂದು ಜಾತಿ ಶೇ 10, ಒಂದು ಕುಲ ಶೇ 20, ಒಂದು ಕುಟುಂಬ ಶೇ 30 ಮೀರಬಾರದು. ಒಂದು ಹೊಸ ಕೀಟ ಬಂದರೂ ಊರಿನ ನೆರಳು ಒಟ್ಟಿಗೆ ಹೋಗದಿರಲಿ ಎಂಬುದೇ ಇದರ ಉದ್ದೇಶ.

ಇದಕ್ಕಿಂತ ದೊಡ್ಡ ತೊಂದರೆ ವಯಸ್ಸಿನದು. ಎಲ್ಲವೂ ಬಡಾವಣೆ ಆದ ವರ್ಷವೇ ನೆಟ್ಟವು. ಗುಲ್‌ಮೊಹರ್ ಬೇಗ ಬೆಳೆದು ಬೇಗ ಮುಪ್ಪಾಗುವ ಮರ, ಬೇರು ಮೇಲ್ಮೈಯಲ್ಲೇ ಹರಡುತ್ತದೆ, ಕೊಂಬೆ ಪೆಳಸು. ಮುಂದಿನ ಹತ್ತು ಹದಿನೈದು ವರ್ಷಗಳ ಬೇಸಿಗೆ ಗಾಳಿಮಳೆಗೆ 26ರಲ್ಲಿ ಬಹುಪಾಲು ಬೀಳುತ್ತವೆ. ಆಗ ಹೊಸದಾಗಿ ನೆಟ್ಟರೆ ನೆರಳಿಗೆ ಮತ್ತೆ ಹದಿನೈದು ವರ್ಷ ಕಾಯಬೇಕು.

ಆದ್ದರಿಂದ ಕಂತು ಕಂತಾಗಿ ನೆಡಬೇಕು. ಮೊದಲ ವರ್ಷ ಈಗಿರುವ ಖಾಲಿ ಜಾಗಗಳಲ್ಲಿ 24, ಆಮೇಲೆ 6, 11, 16ನೇ ವರ್ಷಗಳಲ್ಲಿ ತಲಾ 12. ಒಟ್ಟು 60. ದೊಡ್ಡ ಮರಕ್ಕೆ ಎಂಟು ಮೀಟರ್ ಅಂತರ ಕೊಟ್ಟರೆ ಈ ಜಾಗ ಹೊರುವುದು 75 ಮರ. ಮೂವತ್ತನೇ ವರ್ಷಕ್ಕೆ ಹೊಸವು 60, ಹಳೆಯವು ಹದಿನೈದು ಉಳಿದರೆ ಸರಿಹೋಗುತ್ತದೆ. ಹಳೆಯದನ್ನು ಒಟ್ಟಿಗೆ ಕಡಿಯಬಾರದು. ಬುಡ ಪೊಳ್ಳಾದದ್ದು, ವಾಲಿದ್ದು, ಅಣಬೆ ಎದ್ದದ್ದು ಮೊದಲು. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಪಡೆದೇ ತೆಗೆಯಬೇಕು.

ಯಾವ ಗಿಡ? ಬೇವು, ನೇರಳೆ, ಹಿಪ್ಪೆ, ಅತ್ತಿ, ಬಕುಳ, ತಗ್ಗಿನ ಅಂಚಿಗೆ ಹೊಳೆಮತ್ತಿ. ಹಲಸಂತೂ ಇರಲೇಬೇಕು. ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸು ಹೆಸರುವಾಸಿ, ಸಿದ್ದು ತಳಿಯ ಕೆಲಸ ನಡೆದ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಊರಿಗೆ ಹತ್ತಿರವೇ ಇದೆ. ದಾರಿಯಿಂದ, ಬೆಂಚಿನಿಂದ ಹದಿನೈದಡಿ ದೂರ ನೆಡಿ, ಹಣ್ಣು ತಲೆಯ ಮೇಲೆ ಬೀಳಬಾರದು. ಬೇಗ ಹಸಿರಾಗಲೆಂದು ನೆಡುವ ವಿದೇಶಿ ಮರ ಕೋನೋಕಾರ್ಪಸ್ ಬೇಡ. ಗುಜರಾತ್ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ನೆಡುವ ಕಾಲದ ಬಗ್ಗೆ ನೇರವಾಗಿ ಹೇಳಬೇಕು. ಜೂನ್ 5ರ ಪರಿಸರ ದಿನಕ್ಕೆ ನೆಟ್ಟ ಗಿಡಗಳು ಇಲ್ಲಿ ಸಾಯುವುದಕ್ಕೆ ಕಾರಣ ಇದೆ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್ ಕೊನೆಯಿಂದ ಆಗಸ್ಟ್ ವರೆಗೆ ಮೋಡ ಓಡುತ್ತದೆ, ಆಷಾಢದ ಗಾಳಿ ಬೀಸುತ್ತದೆ, ನೆಲ ನೆನೆಯುವಷ್ಟು ಹನಿ ಬೀಳುವುದಿಲ್ಲ. ಎಂಟು ವಾರ ಕೈನೀರು ಕೊಡುವ ಖಾತ್ರಿ ಇದ್ದರೆ ಜೂನ್‌ನಲ್ಲೇ ನೆಡಿ, ಬೇರಿಗೆ ಹೆಚ್ಚು ಕಾಲ ಸಿಗುತ್ತದೆ. ಖಾತ್ರಿ ಇಲ್ಲದಿದ್ದರೆ ಉತ್ತರೆ ಮಳೆಗೆ ಕಾಯಿರಿ. ಗುಂಡಿ ಮಾತ್ರ ಭರಣಿ, ಕೃತ್ತಿಕೆ ಮಳೆಯ ಹೊತ್ತಿಗೇ ತೆಗೆದಿರಬೇಕು.

ಗುಂಡಿ ಮೂರಡಿ ಉದ್ದ, ಅಗಲ, ಆಳ. ಕಬ್ಬಿಣದ ಸಲಾಕೆ ಚುಚ್ಚಿ ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ ಸಿಕ್ಕರೆ ಅದನ್ನೆಲ್ಲ ಹೊರಗೆ ಹಾಕಬೇಕು. ಅರ್ಧ ಮೇಲ್ಮಣ್ಣು, ಕಾಲು ಕೆರೆಗೋಡು, ಕಾಲು ಕೊಳೆತ ಗೊಬ್ಬರ. ಗಿಡದ ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ತೆಗೆಯಬೇಕು. ಸತ್ತ ಗಿಡ ಕಿತ್ತಾಗ ಬುಡದಲ್ಲಿ ಚೀಲ ಹಾಗೇ ಇರುವುದು ತೀರ ಸಾಮಾನ್ಯ. ಚೀಲದೊಳಗೆ ಸುರುಳಿ ಸುತ್ತಿದ ಬೇರನ್ನು ಕತ್ತರಿಸಿ ಬಿಡಿಸದಿದ್ದರೆ, ಹತ್ತು ವರ್ಷದ ಮೇಲೆ ಅದೇ ಬೇರು ಮರದ ಕತ್ತು ಹಿಸುಕುತ್ತದೆ. ಬುಡಕ್ಕೆ ಕಾಂಕ್ರೀಟು ಹಾಕಬಾರದು, ಮಣ್ಣು ಏರಿಸಿ ಕಟ್ಟೆ ಕಟ್ಟಬಾರದು. ಅರಳಿಕಟ್ಟೆ ನೋಡಿದ ಕಣ್ಣಿಗೆ ಎಲ್ಲ ಮರಕ್ಕೂ ಕಟ್ಟೆ ಚೆಂದ ಕಾಣುತ್ತದೆ, ಆದರೆ ಅರಳಿ ತಡೆದುಕೊಳ್ಳುವುದನ್ನು ಬೇರೆ ಮರಗಳು ತಡೆಯುವುದಿಲ್ಲ, ತೊಗಟೆ ಕೊಳೆಯುತ್ತದೆ.

ದಾರಿ, ದೀಪ, ಗೇಟು

ಇದನ್ನು ಚಿಕ್ಕದಾಗಿ ಹೇಳಬಹುದು. ಟೈಲ್ಸು ಎದ್ದ ಕಡೆ ಮತ್ತೆ ಟೈಲ್ಸು ಬೇಡ, ಬೇರು ಮತ್ತೆ ಎತ್ತುತ್ತದೆ. ಎರಡು ಮೀಟರ್ ಅಗಲ ಗಟ್ಟಿಸಿದ ಗ್ರಾವೆಲ್ ದಾರಿ ಸಾಕು, ಒಂದು ಸುತ್ತು ಮಾತ್ರ ಗಾಲಿಕುರ್ಚಿ ಹೋಗುವಂತೆ ಸಮತಟ್ಟಾದ ಕಾಂಕ್ರೀಟು, ಗೇಟಿನಲ್ಲಿ ಹನ್ನೆರಡಕ್ಕೆ ಒಂದರ ಇಳಿಜಾರು. ಹೈಮಾಸ್ಟ್ ದೀಪ ಮರದ ತಲೆಯನ್ನು ಬೆಳಗಿಸಿ ದಾರಿಯನ್ನು ಕತ್ತಲಲ್ಲಿ ಬಿಡುತ್ತದೆ, ಕೊಂಬೆಗಿಂತ ಕೆಳಗೆ ಹತ್ತು ಹನ್ನೆರಡು ಅಡಿಯ ಕಂಬಗಳು ಬೇಕು. ಕಾರಂಜಿ ಬೇಡ.

ಯೋಜನೆಗೆ ಮುಂಚೆ ಒಂದು ವಾರದ ದಿನ, ಒಂದು ಭಾನುವಾರ, ದಿನಕ್ಕೆ ನಾಲ್ಕು ಹೊತ್ತು ಬಂದವರನ್ನು ಎಣಿಸಿ. ಬಾರದವರು ಯಾರು ಎಂಬುದೇ ಮುಖ್ಯ. ಹದಿಹರೆಯದ ಹುಡುಗಿಯರು ಕಾಣದಿದ್ದರೆ ದೀಪ, ಶೌಚಾಲಯ, ಎರಡನೇ ಗೇಟು ನೋಡಬೇಕು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರ ತನಕ ಬೀಗ ಹಾಕುವ ರೂಢಿಯಿಂದ, ಮಧ್ಯಾಹ್ನ ಬುತ್ತಿ ಬಿಚ್ಚಲು ನೆರಳು ಹುಡುಕುವ ಗಾರೆ ಕೆಲಸದವರು, ಮನೆಗೆಲಸದವರು ಹೊರಗೇ ಉಳಿಯುತ್ತಾರೆ. ನೆರಳು ಹೆಚ್ಚು ಬೇಕಾದ ಹೊತ್ತಿನಲ್ಲೇ ಉದ್ಯಾನ ಮುಚ್ಚಿರುವುದು ಸರಿಯಲ್ಲ.

ಹಣ ಬಿಡುಗಡೆಯ ಕ್ರಮ

ಗಿಡ ನೆಡುವ ಗುತ್ತಿಗೆಯಲ್ಲಿ ನೆಟ್ಟ ಗಿಡದ ಎಣಿಕೆಗೆ ಬಿಲ್ಲು ಆಗುತ್ತದೆ, ಬದುಕಿದ್ದಕ್ಕಲ್ಲ. ಇದನ್ನು ಟೆಂಡರಿನ ಷರತ್ತಿನಲ್ಲೇ ತಿದ್ದಬೇಕು. ನೆಟ್ಟಾಗ ಶೇ 40, ಮೊದಲ ಬೇಸಿಗೆ ದಾಟಿ ಜೂನ್‌ನಲ್ಲಿ ಎಣಿಸಿ ಶೇ 30, ಮೂರನೇ ಬೇಸಿಗೆ ದಾಟಿದ ಮೇಲೆ ಶೇ 30. ಸತ್ತದ್ದಕ್ಕೆ ಬದಲಿ ಗಿಡ ಗುತ್ತಿಗೆದಾರರದೇ. ಪ್ರತಿ ಗಿಡಕ್ಕೂ ನಂಬರು, ಜಾಗದ ಗುರುತು. ನಂಬರಿಲ್ಲದಿದ್ದರೆ ಸತ್ತ ಗಿಡದ ಲೆಕ್ಕ ಎಂದೂ ಸಿಗುವುದಿಲ್ಲ.

ನಿರ್ವಹಣೆ ಗುತ್ತಿಗೆ ವರ್ಷಕ್ಕೊಮ್ಮೆ ಮುಗಿದು, ಹೊಸ ಟೆಂಡರು ಆಗುವ ನಡುವೆ ಎರಡು ಮೂರು ತಿಂಗಳು ಖಾಲಿ ಬೀಳುತ್ತದೆ. ಆರ್ಥಿಕ ವರ್ಷ ಮಾರ್ಚ್‌ಗೆ ಮುಗಿಯುವುದರಿಂದ ಆ ಖಾಲಿ ತಿಂಗಳು ಸರಿಯಾಗಿ ಏಪ್ರಿಲ್, ಮೇನಲ್ಲೇ ಬರುತ್ತದೆ. ಗುತ್ತಿಗೆ ಅವಧಿಯನ್ನು ಮೂರು ವರ್ಷ ಮಾಡಿ, ಅಕ್ಟೋಬರ್‌ನಿಂದ ಅಕ್ಟೋಬರ್‌ಗೆ ಇಟ್ಟರೆ ಟೆಂಡರು ತಡವಾದರೂ ನೆಲದಲ್ಲಿ ತೇವ ಇರುತ್ತದೆ. ಇಡೀ ಯೋಜನೆಯಲ್ಲಿ ಒಂದು ಪೈಸೆ ಖರ್ಚಿಲ್ಲದೆ ಹೆಚ್ಚು ಗಿಡ ಉಳಿಸುವ ಬದಲಾವಣೆ ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲ ವರ್ಷ ಸರ್ವೆ, ಖಾತೆ, ಠರಾವು, ಮರಗಳ ಪಟ್ಟಿ, ಹುಲ್ಲು ಇಳಿಸುವುದು, ಮೊದಲ ಕಂತಿನ 24 ಗಿಡ. ಎರಡನೇ ವರ್ಷ ತಗ್ಗು, ಇಂಗುಬಾವಿ, ಸಂಪು. ಮೂರನೆಯದರಲ್ಲಿ ದಾರಿ ಮತ್ತು ದೀಪ. ದಾರಿ ಮೊದಲು ಮಾಡಿದರೆ ಪೈಪಿಗೆ ಅದನ್ನೇ ಅಗೆಯಬೇಕಾಗುತ್ತದೆ. ಐದು ವರ್ಷಕ್ಕೊಮ್ಮೆ ಮರಗಳ ಮರುಎಣಿಕೆ, ಬೋರ್‌ವೆಲ್ ನೀರಿನ ಮಟ್ಟದ ಅಳತೆ, ಗಡಿಕಲ್ಲುಗಳ ಪರಿಶೀಲನೆ ಮೂರನ್ನೂ ಒಂದೇ ವಾರದಲ್ಲಿ ಮುಗಿಸಿ, ಹಿಂದಿನ ಅಳತೆಯ ಪಕ್ಕದಲ್ಲೇ ಬರೆಯಬೇಕು. ಸಮುದಾಯ ಭವನದ ಕಾಂಕ್ರೀಟು ಹಳತಾಗಿ ದೊಡ್ಡ ದುರಸ್ತಿ ಕೇಳುವುದು ಬಹುಶಃ ಇಪ್ಪತ್ತನೇ ವರ್ಷದ ಆಸುಪಾಸು. ಅಷ್ಟು ಹೊತ್ತಿಗೆ ಇವತ್ತಿನ ಅಧಿಕಾರಿ, ಸದಸ್ಯರು ಯಾರೂ ಇರುವುದಿಲ್ಲ. ದುರಸ್ತಿಯ ಅಂದಾಜುಪಟ್ಟಿ ತಯಾರಿಸುವ ಎಂಜಿನಿಯರಿಗೆ ಮೊದಲು ಕಣ್ಣಿಗೆ ಬೀಳುವಂತೆ, ಮೊದಲ ವರ್ಷದ ಠರಾವಿನ ಪ್ರತಿ ಭವನದ ಫೈಲಿನ ಮೊದಲ ಪುಟದಲ್ಲೇ ಇರಬೇಕು.